1978ರಲ್ಲೇ ಅವಧಿ ಮುಗಿದ ಪುಟ

ಜಾಲತಾಣ ಕಟ್ಟುವ ತಂತ್ರಾಂಶವಾದ ಡ್ರುಪಲ್‌ನಲ್ಲಿ ರೂಪಿಸಿದ ತಾಣವೊಂದನ್ನು ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಹೆಡರ್‌ಗಳನ್ನು, ಅಂದರೆ ಪುಟದ ಜೊತೆ ಸರ್ವರ್ ಕಳಿಸುವ ಸೂಚನೆಗಳನ್ನು, ನೋಡಿ. ‘ಎಕ್ಸ್‌ಪೈರ್ಸ್’ ಎಂಬುದರ ಎದುರು ಬಹುಮಟ್ಟಿಗೆ 1978ರ ನವೆಂಬರ್ 19, ಭಾನುವಾರ ಎಂದಿರುತ್ತದೆ. ಸರ್ವರ್‌ನ ಗಡಿಯಾರ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಏನೂ ಕೆಟ್ಟಿಲ್ಲ, ಅದು ಡ್ರುಪಲ್ ಹುಟ್ಟುಹಾಕಿದ ಡ್ರೀಸ್ ಬೈಟಾರ್ಟ್ ಅವರ ಜನ್ಮದಿನ. ಹಳೆಯ ಎಚ್‌ಟಿಟಿಪಿ 1.0 ಕಾಲದ, ನಡುವೆ ನಿಲ್ಲುವ ಪ್ರಾಕ್ಸಿ ಸರ್ವರ್‌ಗಳು ಪುಟವನ್ನು ಕೂಡಿಟ್ಟುಕೊಳ್ಳದಿರಲಿ (ಕ್ಯಾಶ್ ಮಾಡದಿರಲಿ) ಎಂದು ಬೇಕೆಂದೇ ಕಳೆದುಹೋದ ದಿನಾಂಕ ಹಾಕಿದ್ದಾರೆ. ಇಂದಿನ ಬ್ರೌಸರ್‌ಗಳು ‘ಕ್ಯಾಶ್-ಕಂಟ್ರೋಲ್’ ಸಾಲಿನಲ್ಲಿ ‘ಮ್ಯಾಕ್ಸ್-ಏಜ್’ (ಪ್ರತಿ ಎಷ್ಟು ಸೆಕೆಂಡು ತಾಜಾ ಎಂಬ ಲೆಕ್ಕ) ಇದ್ದರೆ ಈ ದಿನಾಂಕದ ಕಡೆ ತಿರುಗಿಯೂ ನೋಡುವುದಿಲ್ಲ.

ದೆಹಲಿಯ ಸರ್ಕಾರಿ ತಾಣಗಳ ಮಟ್ಟಿಗೆ ಇದು ಬರೀ ಕುತೂಹಲದ ಸಂಗತಿಯಲ್ಲ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಲ್ಲಿ ಶುರುವಾದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಮತ್ತು ಅಮೆರಿಕ ಸರ್ಕಾರ ಸೇರಿ ಡ್ರುಪಲ್ ಮೇಲೆ ಕಟ್ಟಿದ ವೇದಿಕೆಯಲ್ಲಿ.

ಇನ್ನೊಂದು ತಪ್ಪು ನಂಬಿಕೆ: ಅವಧಿ ಮುಗಿದ ಪ್ರತಿಯನ್ನು ಬ್ರೌಸರ್ ಎಸೆದುಬಿಡುತ್ತದೆ, ಹಾಲಿನ ಪ್ಯಾಕೆಟ್ಟಿನಂತೆ. ಹಾಗೇನಿಲ್ಲ. ಪ್ರತಿ ಅಲ್ಲೇ ಇರುತ್ತದೆ. ಬಳಸುವ ಮುನ್ನ ಬ್ರೌಸರ್ ‘ಇದು ಬದಲಾಗಿದೆಯೇ?’ ಎಂದು ಸರ್ವರನ್ನು ಕೇಳುತ್ತದೆ, ಅಷ್ಟೇ. ಇಲ್ಲವೆಂದರೆ 304 ಎಂಬ ಪುಟ್ಟ ಉತ್ತರ ಬರುತ್ತದೆ, ಹಳೆಯ ಪ್ರತಿಯೇ ಮತ್ತೆ ನಡೆಯುತ್ತದೆ. ‘ನೋ-ಕ್ಯಾಶ್’ ಎಂದರೂ ಇದೇ: ಇಟ್ಟುಕೋ, ಆದರೆ ಪ್ರತಿ ಸಲ ಕೇಳು. ಇಟ್ಟುಕೊಳ್ಳಲೇಬೇಡ ಎನ್ನಲು ‘ನೋ-ಸ್ಟೋರ್’ ಬೇಕು. ಹೆಸರಿಟ್ಟವರು ಇನ್ನಷ್ಟು ಯೋಚಿಸಬಹುದಿತ್ತು!

ಅವಧಿ ಹೇಳುವ ಹೆಡರ್ ಹಾಕದಿದ್ದರೆ ಕ್ಯಾಶ್ ಆಗುವುದಿಲ್ಲ ಎನ್ನುವುದೂ ಸುಳ್ಳು. ಆಗ ಬ್ರೌಸರ್ ತಾನೇ ಅಂದಾಜು ಕಟ್ಟುತ್ತದೆ. ಕಡತ ಕೊನೆಯ ಸಲ ಬದಲಾಗಿ ಎಷ್ಟು ಕಾಲವಾಯಿತೋ ಅದರ ಶೇ 10ರಷ್ಟು ಎಂಬುದು ರೂಢಿಯ ಲೆಕ್ಕ. ನೂರು ದಿನ ಹಳೆಯ ಪಿಡಿಎಫ್ ಹತ್ತು ದಿನ ಕೂತಿರಬಹುದು.

ಎಲ್ಲಕ್ಕಿಂತ ದುಬಾರಿಯಾದದ್ದು, ಡ್ರುಪಲ್‌ನ ‘ಕ್ಲಿಯರ್ ಆಲ್ ಕ್ಯಾಶಸ್’ ಗುಂಡಿ ಒತ್ತಿದರೆ ಎಲ್ಲರಿಗೂ ಹೊಸದು ಕಾಣುತ್ತದೆ ಎಂಬ ನಂಬಿಕೆ. 2024ರ ನವೆಂಬರ್ 18ನ್ನೇ ತೆಗೆದುಕೊಳ್ಳಿ. ಅಂದು ದೆಹಲಿಯ ಗಾಳಿಯ ಗುಣಮಟ್ಟ ಸೂಚ್ಯಂಕ 494. ಬೆಳಿಗ್ಗೆ 8ರಿಂದ ಮಾಲಿನ್ಯ ತಡೆಯ ಹಂತಹಂತದ ಯೋಜನೆಯಾದ ಗ್ರಾಪ್‌ನ ನಾಲ್ಕನೇ ಹಂತ ಜಾರಿ. 10 ಮತ್ತು 12ನೇ ತರಗತಿ ಬಿಟ್ಟು ಉಳಿದವರಿಗೆ ಆನ್‌ಲೈನ್ ಪಾಠ. ಅದೇ ದಿನ ಸುಪ್ರೀಂ ಕೋರ್ಟ್ ಚಾಟಿ ಬೀಸಿತು. ಮರುದಿನದಿಂದ ಆ ಎರಡು ತರಗತಿಗಳೂ ಆನ್‌ಲೈನ್ ಎಂದು ದೆಹಲಿ ಸರ್ಕಾರ ಹೇಳಿತು. ಈಗ, ಸೂಚನೆಯ ಪುಟಕ್ಕೆ ಒಂದು ದಿನದ, ಅಂದರೆ 86,400 ಸೆಕೆಂಡಿನ ಮ್ಯಾಕ್ಸ್-ಏಜ್ ಕೊಟ್ಟ ಶಾಲೆಯೊಂದನ್ನು ಊಹಿಸಿ. ಬೆಳಿಗ್ಗೆ 9ಕ್ಕೆ ಪುಟ ನೋಡಿದ ದ್ವಾರಕಾದ ತಾಯಿಯೊಬ್ಬರು ರಾತ್ರಿ ಮತ್ತೆ ಆ ಲಿಂಕ್ ಒತ್ತಿದರೆ, ಫೋನು ಸರ್ವರನ್ನು ಕೇಳುವ ಗೋಜಿಗೇ ಹೋಗದೆ ‘ಹತ್ತನೆಯವರು ಬರಬೇಕು’ ಎಂಬ ಹಳೆಯ ಸೂಚನೆಯನ್ನೇ ತೋರಿಸೀತು. ಮರುದಿನ 9ರವರೆಗೂ ಅದಕ್ಕೆ ಆ ಪರವಾನಗಿ ಇದೆ, ಕೊಟ್ಟದ್ದು ಶಾಲೆಯೇ. ಗುಂಡಿ ಒತ್ತಿದರೆ ಖಾಲಿಯಾಗುವುದು ಡ್ರುಪಲ್ ತನ್ನಲ್ಲಿ ಇಟ್ಟುಕೊಂಡದ್ದು ಮಾತ್ರ. ನಡುವೆ ಪ್ರತಿಗಳನ್ನು ಹಂಚುವ ಸರ್ವರ್‌ಗಳ ಜಾಲ, ಅಂದರೆ ಸಿಡಿಎನ್‌ಗೆ ಬೇರೆಯೇ ಆಜ್ಞೆ ಕೊಡಬೇಕು. ಆ ತಾಯಿಯ ಫೋನಿಗಂತೂ ಯಾರ ಕೈಯೂ ಎಟುಕದು.

‘ನನಗೆ ಸರಿಯಾಗೇ ಕಾಣ್ತಿದೆಯಲ್ಲ’ ಎಂದು ಕಚೇರಿಯವರು ಹೇಳುವುದೂ ಸುಳ್ಳಲ್ಲ. ಲಾಗಿನ್ ಆದವರಿಗೆ ಡ್ರುಪಲ್ ಪ್ರತಿ ಸಲವೂ ಹೊಸ ಪುಟವನ್ನೇ ಕಳಿಸುತ್ತದೆ. ಪುಟ ತಿದ್ದುವವರು ಲಾಗಿನ್ ಆಗಿಯೇ ಇರುತ್ತಾರೆ, ಹಾಗಾಗಿ ಹಳಸಿದ ಪುಟ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪರೀಕ್ಷಿಸಬೇಕಾದರೆ ಲಾಗಿನ್ ಆಗದ ಇನ್ನೊಂದು ಫೋನಿನಲ್ಲಿ, ಮೊದಲೇ ತೆರೆದಿದ್ದ ಪುಟವನ್ನು ಲಿಂಕ್ ಮೂಲಕ ಮತ್ತೆ ತೆರೆದು ನೋಡಬೇಕು.

ಪಿಡಿಎಫ್‌ಗಳ ಪಾಡು ಇನ್ನೂ ಕಷ್ಟ. ಡ್ರುಪಲ್ ಜೊತೆಗೆ ಬರುವ ಅಪಾಚೆ ಸರ್ವರ್‌ನ ಸಂರಚನಾ ಕಡತದಲ್ಲಿ ಬಹುಕಾಲ ಇದ್ದ ಅಂಕಿ 12,09,600 ಸೆಕೆಂಡು, ಅಂದರೆ 14 ದಿನ. ಸುತ್ತೋಲೆಯನ್ನು ತಿದ್ದಿ ಅದೇ ಹೆಸರಿನಲ್ಲಿ ಏರಿಸಿದರೆ, ಒಮ್ಮೆ ನೋಡಿದವರಿಗೆ ಎರಡು ವಾರ ಹಳೆಯದೇ ಗತಿ. ಹೆಸರು ಬದಲಿಸುವುದೇ ಸುಲಭದ ದಾರಿ. ಸರ್ವರ್ ಎಂಜಿನ್‌ಎಕ್ಸ್ ಆಗಿದ್ದರೆ ಆ ಕಡತವನ್ನು ಅದು ಓದುವುದೇ ಇಲ್ಲ. ಅಲ್ಲಿ ಅವಧಿಯನ್ನು ಬೇರೆಯಾಗಿ ಬರೆಯಬೇಕು.

ಇಷ್ಟು ಕೇಳಿದ ಮೇಲೆ ‘ಕ್ಯಾಶೇ ಬೇಡ, ಸೊನ್ನೆ ಹಾಕಿಬಿಡಿ’ ಎನ್ನುವವರಿದ್ದಾರೆ. ಪರೀಕ್ಷಾ ಫಲಿತಾಂಶದ ದಿನ ಅವರು ಸರ್ವರ್ ಕೋಣೆಯಲ್ಲಿ ಕೂತು ನೋಡಲಿ. ಸೆಕೆಂಡಿಗೆ 500 ಮಂದಿ ಮುಖಪುಟ ಕೇಳಿದರೆ ನಿಮಿಷಕ್ಕೆ 30,000 ಕೋರಿಕೆ. 60 ಸೆಕೆಂಡಿನ ಅವಧಿ ಕೊಟ್ಟರೆ ನಡುವಿನ ಪ್ರಾಕ್ಸಿ ಒಂದು ಪ್ರತಿಯಲ್ಲೇ ಅಷ್ಟನ್ನೂ ನಿಭಾಯಿಸುತ್ತದೆ. ಡ್ರುಪಲ್‌ವರೆಗೆ ಬರುವುದು ಬೆರಳೆಣಿಕೆಯಷ್ಟು. ರೋಲ್ ನಂಬರ್ ಹಾಕಿದ ಮೇಲೆ ಬರುವ ಅಂಕಪಟ್ಟಿಗೆ ಮಾತ್ರ ಈ ಉದಾರತೆ ಸಲ್ಲದು. ಅದಕ್ಕೆ ‘ನೋ-ಸ್ಟೋರ್’ ಹಾಕಿ.