ಹಿಂದಿರುಗಿ ಬಂದ ತೆರಿಗೆ ವರಮಾನವೇ?

ಒಂದು ಸಣ್ಣ ಪ್ರಶ್ನೆಯಿಂದ ಪ್ರಾರಂಭಿಸೋಣ. ಅಂಗಡಿಯಲ್ಲಿ ನೀವು ಲೆಕ್ಕ ತಪ್ಪಿ ನೂರು ರೂಪಾಯಿ ಹೆಚ್ಚಾಗಿ ಕೊಟ್ಟಿರಿ. ಮಾರನೆಯ ದಿನ ಅಂಗಡಿಯವರು ಅದನ್ನು ಹಿಂದಿರುಗಿಸಿದರು. ಈ ನೂರು ರೂಪಾಯಿ ನಿಮ್ಮ ಸಂಪಾದನೆಯೇ? ಖಂಡಿತ ಅಲ್ಲ. ನಿಮ್ಮ ಹಣ ನಿಮ್ಮ ಕೈಸೇರಿತು, ಅಷ್ಟೆ. ಹಾಗಿದ್ದರೆ, ಅಮೆರಿಕದಲ್ಲಿ ರಾಜ್ಯ ಸರ್ಕಾರವು ಹೆಚ್ಚಾಗಿ ವಸೂಲು ಮಾಡಿದ ತೆರಿಗೆಯನ್ನು ಹಿಂದಿರುಗಿಸಿದಾಗ, ಕೆಲವರು ಅದನ್ನು ಫೆಡರಲ್ ಸರ್ಕಾರದ ಲೆಕ್ಕದಲ್ಲಿ ವರಮಾನವೆಂದು ಏಕೆ ತೋರಿಸಬೇಕು? ಇನ್ನು ಕೆಲವರು ಏಕೆ ತೋರಿಸಬೇಕಾಗಿಲ್ಲ?

ಎರಡು ಸರ್ಕಾರ, ಎರಡು ತೆರಿಗೆ

ಅಮೆರಿಕದಲ್ಲಿ ಫೆಡರಲ್ ಸರ್ಕಾರ ವರಮಾನ ತೆರಿಗೆ ವಿಧಿಸುತ್ತದೆ. ಅದರ ಜೊತೆಗೆ ಬಹುಪಾಲು ರಾಜ್ಯಗಳೂ ತಮ್ಮದೇ ವರಮಾನ ತೆರಿಗೆ ವಿಧಿಸುತ್ತವೆ. ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ರಾಜ್ಯದ ವರಮಾನ ತೆರಿಗೆ ಇಲ್ಲ. ನೌಕರರ ಸಂಬಳದಿಂದ ಎರಡೂ ತೆರಿಗೆಗಳನ್ನು ಅಂದಾಜಿನ ಮೇಲೆ ಮೊದಲೇ ಮುರಿದುಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಸರಿಯಾದ ಲೆಕ್ಕ ಸಲ್ಲಿಸಿದಾಗ, ಹೆಚ್ಚಾಗಿ ಮುರಿದುಕೊಂಡ ಹಣ ಮರುಪಾವತಿಯಾಗುತ್ತದೆ.

ಫೆಡರಲ್ ತೆರಿಗೆಯನ್ನು ಲೆಕ್ಕ ಹಾಕುವಾಗ ವರಮಾನದಿಂದ ಕೆಲವು ಮೊತ್ತಗಳನ್ನು ಕಳೆಯಲು ಅವಕಾಶವಿದೆ. ಇದಕ್ಕೆ ಎರಡು ದಾರಿಗಳು. ಮೊದಲನೆಯದು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಕಾನೂನು ಗೊತ್ತುಮಾಡಿದ ಒಂದೇ ಮೊತ್ತ. 2024ನೇ ವರ್ಷಕ್ಕೆ ಅವಿವಾಹಿತರಿಗೆ ಇದು 14,600 ಡಾಲರ್ ಇತ್ತು. ಎರಡನೆಯದು ಬಾಬುವಾರು ಕಡಿತ. ಮನೆ ಸಾಲದ ಬಡ್ಡಿ, ದಾನ, ರಾಜ್ಯಕ್ಕೆ ಕಟ್ಟಿದ ತೆರಿಗೆ ಮುಂತಾದ ಬಾಬುಗಳನ್ನು ಒಂದೊಂದಾಗಿ 'ಷೆಡ್ಯೂಲ್ ಎ' ಎಂಬ ನಮೂನೆಯಲ್ಲಿ ಬರೆದು ಕೂಡುವುದು. ಎರಡರಲ್ಲಿ ಯಾವುದು ಲಾಭವೋ ಅದನ್ನು ಆರಿಸಿಕೊಳ್ಳಬಹುದು.

ಪ್ರಯೋಜನದ ನಿಯಮ

ಈಗ ನಮ್ಮ ಪ್ರಶ್ನೆಗೆ ಬರೋಣ. ಒಬ್ಬರು ಕಳೆದ ವರ್ಷ ರಾಜ್ಯ ತೆರಿಗೆಯನ್ನು ಬಾಬುವಾರು ಕಡಿತದಲ್ಲಿ ಸೇರಿಸಿ, ಅಷ್ಟರಮಟ್ಟಿಗೆ ಫೆಡರಲ್ ತೆರಿಗೆಯನ್ನು ತಗ್ಗಿಸಿಕೊಂಡರು. ಈ ವರ್ಷ ಆ ರಾಜ್ಯ ತೆರಿಗೆಯ ಒಂದು ಭಾಗ ವಾಪಸು ಬಂತು. ಅಂದಮೇಲೆ ಅವರು ನಿಜವಾಗಿ ಮಾಡದ ಖರ್ಚನ್ನೂ ಕಳೆದಂತಾಯಿತಲ್ಲವೇ? ಅದನ್ನು ಸರಿಪಡಿಸಲೆಂದೇ ಮರುಪಾವತಿಯನ್ನು ಈ ವರ್ಷದ ವರಮಾನಕ್ಕೆ ಸೇರಿಸಬೇಕು. ಹಿಂದಿನ ವರ್ಷದ ಲೆಕ್ಕವನ್ನು ತಿದ್ದಬೇಕಾಗಿಲ್ಲ. ಪ್ರತಿ ವರ್ಷದ ಲೆಕ್ಕವೂ ಪ್ರತ್ಯೇಕ. ಅಂದು ಹಣ ಕಟ್ಟಿದ್ದು ನಿಜವೇ ಆಗಿತ್ತು.

ಆದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡವರು ರಾಜ್ಯ ತೆರಿಗೆಯನ್ನು ಕಳೆಯಲೇ ಇಲ್ಲ. ಅವರ ಮರುಪಾವತಿ ಅಂಗಡಿಯಿಂದ ವಾಪಸು ಬಂದ ನೂರು ರೂಪಾಯಿಯ ಹಾಗೆ. ಅದು ವರಮಾನವಲ್ಲ. ಹಿಂದೆ ಎಷ್ಟು ಪ್ರಯೋಜನ ಪಡೆದಿದ್ದೀರೋ ಅಷ್ಟು ಮಾತ್ರ ಈಗ ವರಮಾನ ಎಂಬ ಈ ತತ್ವ ಅಮೆರಿಕದ ತೆರಿಗೆ ಸಂಹಿತೆಯ 111ನೇ ವಿಧಿಯಲ್ಲಿದೆ.

ಒಂದು ಲೆಕ್ಕ

2024ರಲ್ಲಿ ಅವಿವಾಹಿತ ನೌಕರರೊಬ್ಬರ ಸಂಬಳದಿಂದ 6,000 ಡಾಲರ್ ರಾಜ್ಯ ತೆರಿಗೆ ಮುರಿದುಕೊಂಡರು ಎನ್ನೋಣ. ಮನೆ ಸಾಲದ ಬಡ್ಡಿ 7,000, ದಾನ 2,400. ಒಟ್ಟು 15,400. ಇದು 14,600ಕ್ಕಿಂತ ಹೆಚ್ಚು. ಆದ್ದರಿಂದ ಅವರು ಬಾಬುವಾರು ಕಡಿತವನ್ನೇ ಆರಿಸಿಕೊಂಡರು. 2025ರಲ್ಲಿ ರಾಜ್ಯದಿಂದ 1,200 ಡಾಲರ್ ವಾಪಸು ಬಂತು. ಪೂರ್ತಿ 1,200 ವರಮಾನವೇ?

ಅಲ್ಲ. ಸರಿಯಾದ ತೆರಿಗೆ 4,800 ಮಾತ್ರ ಎಂದು ಮೊದಲೇ ಗೊತ್ತಿದ್ದರೆ ಅವರ ಬಾಬುಗಳ ಮೊತ್ತ 14,200 ಆಗುತ್ತಿತ್ತು. ಆಗ ಅವರು 14,600ರ ಸ್ಟ್ಯಾಂಡರ್ಡ್ ಡಿಡಕ್ಷನ್ ಆರಿಸಿಕೊಳ್ಳುತ್ತಿದ್ದರು. ಅಂದರೆ ಅವರಿಗೆ ನಿಜವಾಗಿ ಆದ ಹೆಚ್ಚಿನ ಪ್ರಯೋಜನ 15,400ರಲ್ಲಿ 14,600 ಕಳೆದರೆ ಉಳಿಯುವ 800 ಡಾಲರ್. ಆ 800 ಮಾತ್ರ 2025ರ ವರಮಾನ. ಉಳಿದ 400ಕ್ಕೆ ತೆರಿಗೆಯಿಲ್ಲ.

ಮಿತಿ ಬಂದ ಮೇಲೆ

2018ರಿಂದ ಇನ್ನೊಂದು ತೊಡಕು ಸೇರಿತು. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳೆಲ್ಲ ಸೇರಿ 10,000 ಡಾಲರ್‌ಗಿಂತ ಹೆಚ್ಚು ಕಳೆಯುವಂತಿಲ್ಲ ಎಂದು ಕಾನೂನಾಯಿತು. 9,000 ವರಮಾನ ತೆರಿಗೆ ಮತ್ತು 6,000 ಆಸ್ತಿ ತೆರಿಗೆ ಕಟ್ಟಿದವರಿಗೆ 15,000ದಲ್ಲಿ 10,000 ಮಾತ್ರ ಕಳೆಯಲು ಸಿಕ್ಕಿತು. ಅವರಿಗೆ 1,200 ವಾಪಸು ಬಂದರೂ ಕಟ್ಟಿದ್ದು 13,800 ಉಳಿಯಿತು, ಕಡಿತ 10,000ವೇ. ಹಿಂದೆ ಪ್ರಯೋಜನವಾಗದ ಹಣವೇ ಹಿಂದಿರುಗಿತು, ಆದ್ದರಿಂದ ಸೇರಿಸಬೇಕಾದದ್ದು ಸೊನ್ನೆ. 2019ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಐ.ಆರ್.ಎಸ್. ಹೀಗೆಯೇ ಉದಾಹರಣೆಗಳೊಂದಿಗೆ ವಿವರಣೆ ಹೊರಡಿಸಿತು. 2025ನೇ ವರ್ಷಕ್ಕೆ ಈ ಮಿತಿಯನ್ನು 40,000ಕ್ಕೆ ಏರಿಸಲಾಯಿತು; ತೀರ ಹೆಚ್ಚು ವರಮಾನ ಇರುವವರಿಗೆ ಅದು ತಗ್ಗುತ್ತದೆ. ಮಿತಿ ಏರಿದ್ದರಿಂದ ಪ್ರಯೋಜನ ಪಡೆಯುವವರೂ ಹೆಚ್ಚುತ್ತಾರೆ. ಮುಂದಿನ ವರ್ಷ ಮರುಪಾವತಿಯನ್ನು ವರಮಾನಕ್ಕೆ ಸೇರಿಸಬೇಕಾದವರೂ ಹೆಚ್ಚುತ್ತಾರೆ.

ಓದಲು ಹೋಗುವವರಿಗೆ

ಇದು ನಮ್ಮ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ವಿಷಯ. ತೆರಿಗೆಯ ದೃಷ್ಟಿಯಲ್ಲಿ ಅಲ್ಲಿನ ನಿವಾಸಿಯಲ್ಲದ ವಿದೇಶಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗದು. ಬಾಬುವಾರು ಕಡಿತವೊಂದೇ ದಾರಿ. ಆದರೆ 1989ರಲ್ಲಿ ಭಾರತ ಮತ್ತು ಅಮೆರಿಕ ಸಹಿ ಹಾಕಿದ ತೆರಿಗೆ ಒಪ್ಪಂದದ 21ನೇ ಅನುಚ್ಛೇದ ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಆ ಸೌಲಭ್ಯ ಕೊಡುತ್ತದೆ. ಆದ್ದರಿಂದ ಮೈಸೂರಿನಿಂದಲೋ ಧಾರವಾಡದಿಂದಲೋ ಹೋಗಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೆಲಸ ಮಾಡುವ ವಿದ್ಯಾರ್ಥಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆದಿದ್ದರೆ, ಮರುವರ್ಷ ಬರುವ ರಾಜ್ಯದ ಮರುಪಾವತಿ ಅವರಿಗೆ ವರಮಾನವಲ್ಲ. ಅದೇ ಪ್ರಯೋಗಾಲಯದ ಬೇರೆ ದೇಶದ ಸಹಪಾಠಿ ರಾಜ್ಯ ತೆರಿಗೆಯನ್ನು ಕಳೆದಿದ್ದರೆ, ಅವರಿಗೆ ಅದು ವರಮಾನವಾಗಬಹುದು. ಸಹಪಾಠಿಯ ಲೆಕ್ಕವನ್ನು ನೋಡಿ ನಕಲು ಮಾಡಬಾರದು ಎನ್ನಲು ಇದೂ ಒಂದು ಕಾರಣ!

ನೆನಪಿನಲ್ಲಿಡಿ

ಮರುಪಾವತಿಯ ಮೊತ್ತವನ್ನು ತಿಳಿಸುವ '1099-ಜಿ' ಎಂಬ ಚೀಟಿಯನ್ನು ರಾಜ್ಯ ಸರ್ಕಾರ ಕೊಡುತ್ತದೆ. ಅದರಲ್ಲಿರುವುದು ಬಂದ ಹಣದ ಮೊತ್ತ. ತೆರಿಗೆಗೆ ಒಳಪಡುವ ಮೊತ್ತವಲ್ಲ. ಅದನ್ನು ಹಾಗೆಯೇ ಬರೆದುಕೊಂಡವರು ಅನಗತ್ಯವಾಗಿ ತೆರಿಗೆ ಕಟ್ಟಿಯಾರು. ಆದರೆ ಆ ಚೀಟಿಯ ವಿವರ ಐ.ಆರ್.ಎಸ್.ಗೂ ಹೋಗುವುದರಿಂದ ಕಡೆಗಣಿಸುವುದೂ ತಪ್ಪು. ಹಿಂದಿನ ವರ್ಷದ ಲೆಕ್ಕದ ಪ್ರತಿಯನ್ನು ಜೋಪಾನವಾಗಿಟ್ಟವರಿಗೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ಮರುಪಾವತಿಯನ್ನು ಕೈಗೆ ಪಡೆಯದೆ ಮುಂದಿನ ವರ್ಷದ ರಾಜ್ಯ ತೆರಿಗೆಗೆ ಜಮಾ ಮಾಡಿಸಿದರೂ ಅದು ಬಂದಂತೆಯೇ ಲೆಕ್ಕ. ತಡವಾದುದಕ್ಕೆ ರಾಜ್ಯ ಬಡ್ಡಿ ಕೊಟ್ಟರೆ, ಆ ಬಡ್ಡಿ ಎಲ್ಲರಿಗೂ ವರಮಾನವೇ.

ಮಾಡಿ ನೋಡಿ

ಅವಿವಾಹಿತರೊಬ್ಬರು 2024ರಲ್ಲಿ 5,000 ಡಾಲರ್ ರಾಜ್ಯ ತೆರಿಗೆ ಕಟ್ಟಿದರು. ಅವರ ಇತರ ಬಾಬುಗಳು 12,000. ಮರುವರ್ಷ 900 ವಾಪಸು ಬಂತು. ಇದರಲ್ಲಿ ವರಮಾನ ಎಷ್ಟು?

ಉತ್ತರ: ಪೂರ್ತಿ 900. ಬಾಬುಗಳ ಮೊತ್ತ 17,000. ಅದು 14,600ಕ್ಕಿಂತ 2,400 ಹೆಚ್ಚು. ಹಿಂದಿರುಗಿದ ಹಣದ ಪ್ರತಿಯೊಂದು ಡಾಲರ್‌ನಿಂದಲೂ ಅವರು ಪ್ರಯೋಜನ ಪಡೆದಿದ್ದರು.