ಬಾಡಿದ ಮನಿ ಪ್ಲಾಂಟ್: ನೀರುಣಿಸುವ ಮುನ್ನ ಮಣ್ಣನ್ನು ಪರೀಕ್ಷಿಸಿ

ಕುಂಡದಲ್ಲಿನ ಮನಿ ಪ್ಲಾಂಟ್ ಬಾಡಿ ಜೋತುಬಿದ್ದೊಡನೆ ನೀರು ಹಾಕುವುದು ಸಾಮಾನ್ಯ ರೂಢಿ. ಆದರೆ ನೀರಿನ ಕೊರತೆಯಂತೆ ಅತಿಯಾದ ನೀರಿನಿಂದಲೂ ಗಿಡ ಬಾಡುತ್ತದೆ. ಮಣ್ಣಿನಲ್ಲಿ ನೀರು ನಿಂತರೆ ಬೇರುಗಳಿಗೆ ಗಾಳಿ ದೊರೆಯದೆ ಅವು ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಇಂತಹ ಗಿಡಕ್ಕೆ ಮತ್ತೆ ನೀರುಣಿಸಿದರೆ ಅದು ಸಾಯುವ ಸಂಭವವೇ ಹೆಚ್ಚು. ಆದ್ದರಿಂದ ಮೊದಲು ಬೆರಳನ್ನು 2 ಅಂಗುಲ ಆಳಕ್ಕೆ ಇಳಿಸಿ ಮಣ್ಣಿನ ತೇವವನ್ನು ಪರೀಕ್ಷಿಸಬೇಕು.

ಮಣ್ಣು ಒಣಗಿದ್ದಲ್ಲಿ: ತೀರಾ ಒಣಗಿದ ಮಣ್ಣಿಗೆ ಸುರಿದ ನೀರು ಕುಂಡದ ಅಂಚಿನಿಂದಲೇ ಇಳಿದುಹೋಗುತ್ತದೆ. ಆದ ಕಾರಣ ಕುಂಡವನ್ನು ನೀರಿರುವ ಬೋಗುಣಿಯಲ್ಲಿ ಅರ್ಧ ಗಂಟೆ ಇರಿಸಿ, ಅನಂತರ ಹೆಚ್ಚುವರಿ ನೀರನ್ನು ಬಸಿಯಲು ಬಿಡಿ.

ಮಣ್ಣು ಹಸಿಯಾಗಿದ್ದಲ್ಲಿ:
1. ಗಿಡವನ್ನು ಹೊರತೆಗೆದು, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಶುಚಿಯಾದ ಕತ್ತರಿಯಿಂದ ತೆಗೆದುಹಾಕಿ. ಬೆಳ್ಳಗಿರುವ ಗಟ್ಟಿ ಬೇರುಗಳನ್ನು ಉಳಿಸಿಕೊಳ್ಳಿ.
2. ಕೆಂಪು ಮಣ್ಣು, ಮರಳು ಹಾಗೂ ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಸಮಪ್ರಮಾಣದಲ್ಲಿ ಬೆರೆಸಿ, ತಳದಲ್ಲಿ ರಂಧ್ರವಿರುವ ಕುಂಡದಲ್ಲಿ ಮರುನಾಟಿ ಮಾಡಿ.
3. ನೇರ ಬಿಸಿಲು ತಾಗದ, ಬೆಳಕಿರುವ ಸ್ಥಳದಲ್ಲಿ ಇರಿಸಿ. ಹೊಸ ಚಿಗುರು ಮೂಡುವವರೆಗೆ ಗೊಬ್ಬರ ಕೊಡಬಾರದು.

ಬೇರುಗಳೆಲ್ಲವೂ ಕೊಳೆತಿದ್ದಲ್ಲಿ: ಗಟ್ಟಿಯಾಗಿ ಉಳಿದ ಬಳ್ಳಿಯಿಂದ 2-3 ಗೆಣ್ಣುಗಳುಳ್ಳ ತುಂಡನ್ನು ಕತ್ತರಿಸಿ, ಕನಿಷ್ಠ ಒಂದು ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ವಾರಕ್ಕೊಮ್ಮೆಯಾದರೂ ನೀರು ಬದಲಿಸಿ. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಗೆಣ್ಣಿನಿಂದ ಬೇರು ಮೂಡುತ್ತದೆ.

ಎಚ್ಚರಿಕೆ: ಇದರ ಎಲೆ ಅಗಿದರೆ ಬಾಯಿ, ಗಂಟಲು ಉರಿಯುತ್ತವೆ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇರಿಸಿ.

ತಾರಸಿ ಕೈತೋಟದ ಬದನೆ, ಮೆಣಸಿನ ಗಿಡಗಳು ಬಾಡಿದಾಗಲೂ ವಿಸ್ತರಣಾ ಕಾರ್ಯಕರ್ತರು ಮೊದಲು ಮಣ್ಣಿನ ತೇವವನ್ನು ಪರೀಕ್ಷಿಸಿ, ಅನಂತರವೇ ನೀರುಣಿಸಲು ಸಲಹೆ ನೀಡುವುದು ಸೂಕ್ತ.