ದನಿ ಕೂತಿದ್ದಕ್ಕೆ ಕಾರಣ ಎದೆಯೊಳಗಿದ್ದರೆ?

ದನಿ ಕೂತರೆ ಉಪ್ಪುನೀರು ಮುಕ್ಕಳಿಸುತ್ತೇವೆ, ಮೆಣಸಿನ ಕಷಾಯ ಕುಡಿಯುತ್ತೇವೆ. ಮೂರು ವಾರವಾದರೂ ಗೊಗ್ಗರು ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕಾರಣ ಹೆಚ್ಚಾಗಿ ಗಂಟಲಲ್ಲೇ ಸಿಗುತ್ತದೆ. ಅಪರೂಪಕ್ಕೆ ಎದೆಯೊಳಗಿರುತ್ತದೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ, ಅಂದರೆ ಮಹಾಪಧಮನಿ. ಎದೆಯಲ್ಲಿ ಅದರ ಅಗಲ ಸುಮಾರು 3 ಸೆಂ.ಮೀ. ಗೋಡೆ ಸಡಿಲವಾಗಿ ನಾಳ ಉಬ್ಬಿದರೆ ಅದೇ ಅನ್ಯೂರಿಸಂ. ಬಹಳ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ಬೇರೇನಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಸಿಕ್ಕಿಬೀಳುತ್ತದೆ.

ದನಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಎಡ ಧ್ವನಿತಂತುವನ್ನು ಆಡಿಸುವ ನರ ಎದೆಗಿಳಿದು, ಅಯೋರ್ಟಾದ ಕಮಾನಿನಡಿ ನುಸುಳಿ, ಮತ್ತೆ ಗಂಟಲಿಗೆ ಏರುತ್ತದೆ. ಬಲಗಡೆಯದಕ್ಕೆ ಇಷ್ಟು ಸುತ್ತಿಲ್ಲ. ಹಾಗಾಗಿ ಕಮಾನು ಉಬ್ಬಿದರೆ ಒತ್ತಡ ಬೀಳುವುದು ಎಡ ನರಕ್ಕೆ. ಮಾತಿನಲ್ಲಿ ಗಾಳಿ ಸೋರುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ 'ಈ' ಅನ್ನಿಸುತ್ತಾರೆ. ಬಲ ತಂತು ನಡುವಿಗೆ ಬರುತ್ತದೆ, ಎಡದ್ದು ಮಿಸುಕುವುದಿಲ್ಲ. ಹೃದಯದ ಕಾಯಿಲೆಯಿಂದ ದನಿ ಕೆಡುವುದನ್ನು 1897ರಲ್ಲಿ ವಿವರಿಸಿದವರು ಆಸ್ಟ್ರಿಯಾದ ನಾರ್ಬರ್ಟ್ ಆರ್ಟ್ನರ್. ಹಾಗಾಗಿ ಇದು ಆರ್ಟ್ನರ್ ಸಿಂಡ್ರೋಮ್.

ಉಬ್ಬು ಅನ್ನನಾಳವನ್ನು ಒತ್ತಿದರೆ ತುತ್ತು ಇಳಿಯುವುದಿಲ್ಲ. ಶ್ವಾಸನಾಳವನ್ನು ಒತ್ತಿದರೆ ಅಸ್ತಮಾ ಎಂದೇ ಚಿಕಿತ್ಸೆ ನಡೆದಿರಬಹುದು. ತೀರಾ ವಿರಳ, ಆದರೆ ಅತಿ ಘೋರವಾದದ್ದು ಇನ್ನೊಂದಿದೆ: ಅಯೋರ್ಟಾಕ್ಕೂ ಈ ನಾಳಗಳಿಗೂ ನಡುವೆ ತೂತು ಬೀಳುವುದು. ಮೊದಲು ವಾಂತಿಯಲ್ಲೋ ಕಫದಲ್ಲೋ ತುಸು ರಕ್ತ ಬಂದು ತಾನಾಗಿ ನಿಲ್ಲುತ್ತದೆ. ಗಂಟೆಗಳೋ ದಿನಗಳೋ ಕಳೆದ ಮೇಲೆ ಹಿಡಿತಕ್ಕೆ ಸಿಗದಷ್ಟು ರಕ್ತ. ನಿಂತಿತಲ್ಲ ಎಂದು ಮನೆಯಲ್ಲಿ ಕೂರಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೊರಡಿ.

ಪತ್ತೆಗೆ ಸಿಟಿ ಆಂಜಿಯೋಗ್ರಾಂ ಬೇಕು, ಅಂದರೆ ನಾಳಕ್ಕೆ ಡೈ ಚುಚ್ಚಿ ತೆಗೆಯುವ ಸ್ಕ್ಯಾನ್. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ಹೇಳಿ. ಹೃದಯದಿಂದ ಮೇಲೇರುವ ಭಾಗ 5.5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ. ಲಕ್ಷಣ ಕಾಣಿಸಿಕೊಂಡ ಮೇಲೆ ಅಳತೆಗೆ ಕಾಯುವುದಿಲ್ಲ. ಕೆಲವರಿಗೆ ಎದೆ ತೆರೆಯದೆ, ತೊಡೆಸಂದಿನ ನಾಳದಿಂದ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಕೊಳವೆ) ಕೂರಿಸುತ್ತಾರೆ. ದನಿ ಮರಳುತ್ತದೆಯೇ? ಕೆಲವರಿಗೆ ಮಾತ್ರ.

ಗ್ರಾಫ್ಟ್‌ನ ಬೆಲೆಯೇ ಲಕ್ಷಗಳಲ್ಲಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಆಧಾರ್, ರೇಷನ್ ಕಾರ್ಡ್ ಜೊತೆಗೆ ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ. ಬರೀ ವರದಿಯ ಹಾಳೆ ನೋಡಿ ಸರ್ಜನ್ ಗ್ರಾಫ್ಟ್‌ನ ಅಳತೆ ತೆಗೆಯಲಾರರು.